ಏರ್ ಫ್ರೈಯರ್‌ನೊಳಗಿನ ಎಣ್ಣೆ

ಅಕ್ಕ ಶಬೀನಾ ಫೋನ್ ಮಾಡಿದ್ದು ಒಂದೇ ಮಾತಿಗೆ. "ಏರ್ ಫ್ರೈಯರ್ ಕಾಯ್ತಿಲ್ಲ. ನೀನೇ ಬರ್ಬೇಕು, ಅನ್ವರ್." ಚಳ್ಳಕೆರೆಯಲ್ಲಿ ರಿಪೇರಿಯವರಿಗೇನು ಬರವೇ? ಆದರೂ ಮೊಳಕಾಲ್ಮೂರಿನ ನನ್ನ ಮೋಟಾರ್ ರಿಪೇರಿ ಅಂಗಡಿಗೆ ಬಾಗಿಲು ಹಾಕಿ ಬಸ್ಸು ಹತ್ತಿದೆ.

ಅಕ್ಕನ ಮಾವ ಬಾಬು ಸಾಬರದು ಶೇಂಗಾ ಎಣ್ಣೆ ಮಿಲ್ಲು. ಅವರ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಕರಿದದ್ದನ್ನು ಮುಟ್ಟಲೇಬೇಡಿ ಎಂದ ಮೇಲೆ ಭಾವ ಸುಫಿಯಾನ್ ಎಣ್ಣೆಯಿಲ್ಲದೆ ಬೇಯಿಸುವ ಈ ಯಂತ್ರ ತಂದಿದ್ದ. ಅದು ಕೆಟ್ಟು ಎಂಟು ದಿನವಾಗಿತ್ತು. ಕೆಡಿಸಿದ್ದು ಅಕ್ಕನೇ ಎಂದು ಆ ಎಂಟು ದಿನವೂ ಅವನು ಅವಳ ಜೊತೆ ಮಾತು ಬಿಟ್ಟಿದ್ದ.

ಅಡುಗೆಮನೆಯಲ್ಲಿ ಕೂತು ನಾನು ಸ್ಕ್ರೂ ಬಿಚ್ಚುತ್ತಿದ್ದರೆ ಅಕ್ಕನ ಅತ್ತೆ ರಜಿಯಾ ಬೇಗಂ ಬಾಗಿಲಲ್ಲೇ ನಿಂತು ಶುರು ಮಾಡಿದರು. "ಮಾವನಿಗೆ ಪಥ್ಯ ಮಾಡೋಕೆ ಬೇಜಾರು. ಅದ್ಕೇ ಸುಟ್ಟಿಟ್ಟವ್ಳೆ. ಅವ್ರು ಸತ್ರೂ ನಿಮ್ಮಕ್ಕಂಗೆ ಏನೂ ಅನ್ಸಲ್ಲ." ಅಕ್ಕ ತಲೆಯ ಮೇಲಿನ ಸೆರಗು ಎಳೆದುಕೊಂಡು ಪಾತ್ರೆ ಉಜ್ಜುತ್ತಲೇ ಇದ್ದಳು. ನನಗೆ ಮೈಯೆಲ್ಲ ಉರಿಯಿತು.

ಫ್ಯಾನು ತಿರುಗುತ್ತಿತ್ತು, ದೀಪ ಹತ್ತುತ್ತಿತ್ತು, ಬಿಸಿ ಮಾತ್ರ ಇಲ್ಲ. ಮೀಟರ್ ಹಿಡಿದು ನೋಡಿದೆ. ಬಿಸಿ ಮಾಡುವ ಕಾಯಿಲ್ ಸರಿಯಿತ್ತು, ಮಿತಿಮೀರಿ ಕಾದಾಗ ಕರೆಂಟು ಕಡಿಯುವ ಫ್ಯೂಸ್ ಹೋಗಿತ್ತು. ಒಳಗೆಲ್ಲ ಕಪ್ಪು ಜಿಡ್ಡು. ಮೂಸಿದರೆ ಶೇಂಗಾ ಎಣ್ಣೆ. ಬಿಸಿಗಾಳಿಯಲ್ಲಿ ಬೇಯಿಸುವ ಯಂತ್ರಕ್ಕೆ ಯಾರೋ ಬಾಣಲೆಗೆ ಸುರಿದಂತೆ ಎಣ್ಣೆ ಸುರಿದಿದ್ದರು.

ಅತ್ತೆ ಸೊಸೆ ಇಬ್ಬರೂ ಹಿತ್ತಲಿಗೆ ಹೋದದ್ದೇ ತಡ, ಬಾಬು ಸಾಬರು ಬಂದು ಪಕ್ಕದಲ್ಲಿ ಕೂತರು. "ನಾನೇ ಕಣೋ. ಎಣ್ಣೆ ಇಲ್ದೆ ಮೆಣಸಿನಕಾಯಿ ಬಜ್ಜಿ ಹೆಂಗೆ ಬೇಯ್ತೈತೆ ಹೇಳು? ನಲವತ್ತು ವರ್ಷ ಎಣ್ಣೆ ತೆಗ್ದೋನು ನಾನು. ಮನೇಲಿ ಯಾರೂ ಇರ್ಲಿಲ್ಲ, ಅರ್ಧ ಲೀಟರ್ ಹಾಕ್ದೆ. ಹೇಳ್ಬೇಡ, ಮರ್ಯಾದೆ ಹೋಗ್ತೈತೆ." ಸ್ವಲ್ಪ ತಡೆದು, "ಮಿಲ್ಲಿನ ಮೋಟಾರ್ ಎಲ್ಲಾ ನಿನ್ ಹತ್ರಾನೇ ಬರ್ತಾವಲ್ಲ," ಎಂದು ಸೇರಿಸಿದರು. ಬೆದರಿಕೆಯನ್ನು ಇಷ್ಟು ಮೆತ್ತಗೆ ಹಾಕಬಹುದೆಂದು ನನಗೆ ಗೊತ್ತಿರಲಿಲ್ಲ.

ಚೀಲದಲ್ಲಿದ್ದ ಹೊಸ ಫ್ಯೂಸ್ ಹಾಕಿದೆ. ಯಂತ್ರ ಕಾಯಿತು. ಮನೆಯವರೆಲ್ಲ ಸೇರಿದರು.

"ಏನಾಗಿತ್ತು?" ಸುಫಿಯಾನ್ ಕೇಳಿದ.

ಅಕ್ಕ ಕೈ ಒರೆಸಿಕೊಂಡು, ಬಂದಾಗಿನಿಂದ ಮೊದಲ ಸಲ ನನ್ನ ಮುಖವನ್ನೇ ನೋಡಿದಳು.

"ಈ ಮಾಲೇ ಹಿಂಗೆ, ಭಾವ. ನೋಡ್ಕೊಂಡು ಬಳಸ್ಬೇಕು," ಎಂದೆ. ನನ್ನ ಬಾಯಿಗೆ ಹುಳ ಬೀಳಬೇಕಿತ್ತು.

"ಕೇಳ್ದ್ಯಾ? ನಾನೂ ಅದನ್ನೇ ಹೇಳಿದ್ದು," ಎಂದರು ರಜಿಯಾ ಬೇಗಂ ಮಗನಿಗೆ. ಬಾಬು ಸಾಬರು ಹೌದೆಂದು ತಲೆಯಾಡಿಸಿದರು.

ಅಕ್ಕ ಗೇಟಿನವರೆಗೆ ಬಂದಳು. "ಆ ಯಂತ್ರದ ಬುಟ್ಟಿ ತೊಳ್ದೋಳು ನಾನೇ. ಎಣ್ಣೆ ನೋಡಿದ್ದೆ. ಯಾರು ಹಾಕಿದ್ದು ಅಂತಾನೂ ಗೊತ್ತಿತ್ತು. ಸೊಸೆ ಬಾಯಲ್ಲಿ ಬರೋ ಮಾತಲ್ಲ ಅಂತ ನಿನ್ನ ಕರೆಸ್ದೆ."

ನಾನು ಚೀಲ ಹೆಗಲಿಗೇರಿಸಿ ಗೇಟು ದಾಟಿದೆ. ಅವಳು ಗೇಟಿನ ಚಿಲಕ ಹಾಕಿಕೊಂಡಳು.

"ಇನ್ನೊಂದ್ ಸಲ ಕೆಟ್ರೆ ಇಲ್ಲೇ ಯಾರನ್ನಾದ್ರೂ ಕರೀತೀನಿ, ಬಿಡು."