ಸಂಗಿನ್‌ನ ಕಾರಿನ ಬಾಗಿಲು

ನಾವೆಲ್ಲ ಅಕ್ಕನೆಂದು 'ಅಪಾ' ಅನ್ನುವ ದವ್ಲತ್ಮೊ ತನ್ನ ಗಂಡನ ಹಳೆಯ ವೋಲ್ಗಾ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ನಾನು ಕಾರಿನ ತಗಡು ತಿದ್ದುವ ಶೆಡ್ಡಿಗೆ ತಂದಾಗ ನಮ್ಮ ಕುಲೋಬ್ ಊರಿನಲ್ಲಿ ಹಿಪ್ಪುನೇರಳೆ ಹಣ್ಣಾಗುತ್ತಿತ್ತು. ಗಂಡ ಸಂಗಿನ್ ನಮ್ಮ ನಮ್ಮಲ್ಲೇ ನಡೆದ ಯುದ್ಧದ ಕಾಲದಲ್ಲಿ ಗುಂಡೇಟಿಗೆ ಸತ್ತವನು. ಅಂದಿನಿಂದ ಆ ಕಾರು ಅವರ ಅಂಗಳದಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿತ್ತು. ಕೋಳಿಗಳು ಅದರಡಿ ಮೊಟ್ಟೆಯಿಡುತ್ತಿದ್ದವು. ಅವನು ಸತ್ತಾಗ ತೊಟ್ಟಿಲಲ್ಲಿದ್ದ ಮಗಳು ಸವ್ರಿಗೆ ಈಗ ಮದುವೆ ಗೊತ್ತಾಗಿತ್ತು.

"ಇದರಲ್ಲೇ ಗಂಡನ ಮನೆಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ ಉಸ್ತೊ" ಅಂದಳು ಅಪಾ, ಮೇಸ್ತ್ರಿಗೆ ನಮ್ಮಲ್ಲಿ ಹೇಳುವಂತೆ. "ಅಪ್ಪನ ತೊಡೆ ಮೇಲಂತೂ ಕೂರಲಿಲ್ಲ, ಅವನ ಕಾರಲ್ಲಾದ್ರೂ ಕೂರ್ತೀನಿ ಅಂತಾಳೆ. ಎಂಜಿನ್ ನನ್ನ ತಮ್ಮ ನೋಡ್ಕೋತಾನೆ. ನೀನು ಈ ತೂತು ಮುಚ್ಚಿಬಿಡು. ಎಲ್ಲಿತ್ತು ಅಂತ ನನಗೂ ಗೊತ್ತಾಗಬಾರದು, ನೋಡು."

"ನಿನಗಿರಲಿ ಅಪಾ, ಮುಚ್ಚಿದ ಮೇಲೆ ನನಗೇ ಗೊತ್ತಾಗಲ್ಲ" ಅಂದೆ. ಅವಳು ನಗಲಿಲ್ಲ.

ತೂತುಗಳಿದ್ದದ್ದು ಡ್ರೈವರಿನ ಬಾಗಿಲಲ್ಲಿ, ಹಿಡಿಯ ಕೆಳಗೆ, ಒಂದೇ ಸಾಲಿನಲ್ಲಿ. ಅವುಗಳಿಗೆ ಯಾರೋ ಹಿಂದೆಯೇ ದಪ್ಪಗೆ ಡಾಂಬರು ಮೆತ್ತಿದ್ದರು. ಸಂಗಿನ್‌ನ ಗೆಳೆಯ ಕುದ್ರತ್ ಮೆತ್ತಿದ್ದು, ಮಳೆನೀರು ಇಳಿಯದಿರಲಿ ಎಂದು, ಅಂತ ಅಪಾ ಹೇಳಿದಳು. ಸಂಗಿನ್ ಸತ್ತ ದಿನ ಜೊತೆಯಲ್ಲಿದ್ದವನೂ ನಾನು ಅಣ್ಣನೆಂದು 'ಅಕಾ' ಅನ್ನುವ ಈ ಕುದ್ರತ್ತೇ. ದಾರಿಯಲ್ಲಿ ಯಾರೋ ಹೊಂಚುಹಾಕಿ ಹೊಡೆದರೆಂದು ಹೆಣವನ್ನು ಮನೆಗೆ ತಂದವನು ಅವನು. ಆಮೇಲೆ ಆ ಮನೆಗೆ ಹಿಟ್ಟು ತಂದುಹಾಕಿದವನು, ಸೂರು ಹೊದಿಸಿದವನು ಕೂಡ ಅವನೇ. ಸವ್ರಿಯ ಕೈಹಿಡಿಯಲಿದ್ದ ಹುಡುಗ ಅವನ ಮಗ. ಇಡೀ ಊರು ಇದನ್ನು ದೇವರ ಕೂಡಿಕೆ ಅನ್ನುತ್ತಿತ್ತು.

ಆ ಕಾರು ಶೆಡ್ಡಿಗೆ ಬಂದಾಗಿನಿಂದ ನನಗೆ ನೆಮ್ಮದಿಯಿರಲಿಲ್ಲ. ಬಾಗಿಲನ್ನು ಒತ್ತಿ ಹಾಕಿ ಬೇರೆ ಕೆಲಸಕ್ಕೆ ತಿರುಗಿದರೆ, ಸ್ವಲ್ಪ ಹೊತ್ತಿಗೆ ಅದು ಗೇಣುದ್ದ ತೆರೆದುಕೊಂಡಿರುತ್ತಿತ್ತು, ಯಾರೋ ಈಗಷ್ಟೇ ಇಳಿದು ಹೋದ ಹಾಗೆ. ಕೊಂಡಿ ಸವೆದಿದೆ ಅಂದುಕೊಂಡೆ. ಸವೆದೂ ಇತ್ತು. ಆದರೆ ಡ್ರೈವರಿನ ಸೀಟು ಒಬ್ಬ ಮನುಷ್ಯನ ಭಾರಕ್ಕೆ ತಗ್ಗಿದಂತೆಯೇ ಇತ್ತು. ಕೆಲಸ ಮಾಡುವಾಗ ಅತ್ತ ಬೆನ್ನು ಹಾಕಲು ಮನಸ್ಸಾಗುತ್ತಿರಲಿಲ್ಲ.

ಬೆಂಕಿ ತೋರಿಸಿ ಡಾಂಬರನ್ನು ಮೆತ್ತಗೆ ಮಾಡಿ ಕೆರೆದೆ. ತಗಡು ಬೆಳ್ಳಗೆ ಹೊಳೆಯುವವರೆಗೆ ಉಪ್ಪುಕಾಗದದಲ್ಲಿ ಉಜ್ಜಿದೆ. ಆಮೇಲೆ ಅಂಗೈಯಿಂದ ಸವರಿದೆ. ನಮ್ಮ ಕೆಲಸದಲ್ಲಿ ಕಣ್ಣಿಗಿಂತ ಅಂಗೈಯನ್ನೇ ನಂಬುವುದು. ಕೈ ಗಕ್ಕನೆ ನಿಂತಿತು.

ಯುದ್ಧ ಮುಗಿದ ವರ್ಷಗಳಲ್ಲಿ ಗುಂಡುಬಿದ್ದ ಕಾರುಗಳನ್ನು ಎಷ್ಟೋ ಮುಚ್ಚಿದ್ದೇನೆ. ಹೊರಗಿನಿಂದ ಬಂದ ಗುಂಡು ತಗಡನ್ನು ಒಳಕ್ಕೆ ಮಡಚುತ್ತದೆ. ಇಲ್ಲಿ ಒಂದೊಂದು ತೂತಿನ ಅಂಚೂ ಹೊರಕ್ಕೆ ಹೂವಿನಂತೆ ಬಿರಿದಿತ್ತು. ಡಾಂಬರು ಅದನ್ನೇ ಅಡಗಿಸಿತ್ತು. ಬಾಗಿಲ ಒಳಗಿನ ಬಟ್ಟೆಯನ್ನು ಬಿಚ್ಚಿ ನೋಡಿದೆ. ಆ ಕಡೆ ತೂತುಗಳು ದುಂಡಗೆ, ಚೊಕ್ಕವಾಗಿದ್ದವು. ಗುಂಡು ಹಾರಿದ್ದು ಕಾರಿನೊಳಗಿಂದ. ನಡುವೆ ಕೂತಿದ್ದವನು ಸಂಗಿನ್.

ನಾನು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡೆ. ನನಗೇಕೆ ಬೇಕು, ಮುಚ್ಚುವುದು ನನ್ನ ಕೆಲಸ, ಅಂದುಕೊಂಡು ಒಳಗೆ ಬಂದರೆ ಬಾಗಿಲು ಮತ್ತೆ ತೆರೆದಿತ್ತು. ಪಕ್ಕದಲ್ಲಿ ಕುದ್ರತ್ ಅಕಾ ನಿಂತಿದ್ದ.

"ಡಾಂಬರು ಕೆರೆದುಬಿಟ್ಟೆಯಾ?" ಅಂದ.

"ಕೆರೆಯದೆ ಪುಟ್ಟಿ ಹಿಡಿಯುತ್ತಾ, ಅಕಾ?"

"ಅದರ ಮೇಲೇ ಬಳಿದು ಮುಗಿಸಬಾರದಿತ್ತಾ ಮಾರಾಯ!" ಅವನು ಅಂಗೈಯಿಂದ ತೂತುಗಳನ್ನು ಮರೆಮಾಡಿದ. "ಬೇಗ ಮುಚ್ಚು. ಅವಳು ಬರೋದರೊಳಗೆ ಮುಚ್ಚು."

 ಸುತ್ತಿಗೆ ತೆಗೆದುಕೊಂಡು ಮೊದಲ ತೂತಿನ ಅಂಚನ್ನು ಒಳಕ್ಕೆ ಬಡಿಯಲು ಕೂತೆ. ಅಷ್ಟರಲ್ಲಿ ಅಪಾ ಬಂದಳು, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಹಿಡಿದುಕೊಂಡು.

"ಓ, ಬೀಗರೂ ಇಲ್ಲೇ ಇದ್ದಾರೆ! ಏನು ಕುದ್ರತ್, ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ ಬಂದ್ಯಾ?" ಅನ್ನುತ್ತಲೇ ಬಗ್ಗಿ ಬಾಗಿಲನ್ನು ಮುಟ್ಟಿದಳು. ಅಷ್ಟು ವರ್ಷ ಡಾಂಬರಿನ ಗಂಟುಗಳನ್ನಷ್ಟೇ ಕಂಡವಳು. ಈಗ ಬೆರಳು ಬರಿಯ ತೂತಿಗೆ ಹೋಯಿತು. ಚಟಕ್ಕನೆ ಕೈ ಎಳೆದುಕೊಂಡಳು. ತಗಡಿನ ಅಂಚು ಕೊಯ್ದು ರಕ್ತ ಬಂದಿತ್ತು.

ಅವಳು ರಕ್ತವನ್ನೂ ಬಾಗಿಲನ್ನೂ ನೋಡುತ್ತಾ ನಿಂತಳು.

"ಈ ಕಡೆ ಯಾಕೆ ಚುಚ್ಚುತ್ತೆ ಉಸ್ತೊ? ಹೊರಗಿಂದ ತಾನೆ ಹೊಡೆದದ್ದು?"

ನಾನು ಸುತ್ತಿಗೆಯನ್ನು ಕೆಳಗಿಟ್ಟೆ. ಅವಳು ನನ್ನ ಮುಖದಿಂದ ಕುದ್ರತ್‌ನ ಮುಖಕ್ಕೆ ತಿರುಗಿದಳು.

"ಯಂಗಾ..." ಅಂದ ಅವನು. ಅಣ್ಣನ ಹೆಂಡತಿಯನ್ನು ಹಾಗೆ ಕರೆಯುವುದು. ಅವಳನ್ನು ಅವನು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದ. ಪುಟ್ಟಿಯ ಡಬ್ಬದ ಮೇಲೆ ಕುಸಿದು ಕೂತ. "ಹಿಟ್ಟು ತರೋಕೆ ಹೋಗಿದ್ವಿ. ಕಣಿವೇಲಿ ಮಂಜು ಕವಿದು ಏನೂ ಕಾಣ್ತಿರಲಿಲ್ಲ. ನನ್ನ ತೊಡೆ ಮೇಲೆ ಬಂದೂಕಿತ್ತು. ಕಂಬಳಿ ಹೊದ್ದೋನೊಬ್ಬ ಇದ್ದಕ್ಕಿದ್ದಂತೆ ಸಂಗಿನ್ ಕಡೆ ಬಾಗಿಲಿಗೆ ಬಂದುಬಿಟ್ಟ. ಸಂಗಿನ್ ಗಾಜು ಇಳಿಸೋಕೆ ಬಗ್ಗಿದ. ನನಗೆ ಹೆದರಿಕೆಯಾಯ್ತು ಯಂಗಾ. ಹೊಡೆದುಬಿಟ್ಟೆ. ಬಂದೋನು ಕುರಿ ಕಾಯೋನು. 'ಬೆಂಕಿಪೊಟ್ಟಣ ಕೇಳೋಕೆ ಬಂದೆ' ಅಂತ ಕೂಗಿಕೊಂಡು ಓಡಿಹೋದ. ಅವನಿಗೇನೂ ಆಗಲಿಲ್ಲ."

ಹೊರಗೆ ರಸ್ತೆಯಲ್ಲಿ ಕಲ್ಲಂಗಡಿ ಗಾಡಿಯವನು ಕೂಗುತ್ತಾ ಹೋದ.

"ಅವನು ಏನಾದ್ರೂ ಅಂದ್ನಾ?" ಅಂದಳು ಅಪಾ.

ಕುದ್ರತ್ ಖಾಲಿ ಸೀಟಿನ ಕಡೆ ನೋಡಿದ. "'ಯಾರು ಹೊಡೆದರೋ ಕುದ್ರತ್? ನಿನಗೇನೂ ಆಗಲಿಲ್ಲ ತಾನೆ?' ಅಂದ. ಹೊರಗಿಂದ ಹೊಡೆದರು ಅಂದ್ಕೊಂಡ. ನಾನು ಇಲ್ಲ ಅನ್ನಲಿಲ್ಲ. ಅವನಿಗೇ ಇಲ್ಲ ಅನ್ನದೋನು, ಆಮೇಲೆ ನಿನಗೆ ಹೆಂಗೆ ಹೇಳಲಿ?"

ಅಪಾ ಕಿರುಚಲಿಲ್ಲ. ಕೈಯಲ್ಲಿದ್ದ ರೊಟ್ಟಿಯನ್ನು ಅವನ ಮುಖಕ್ಕೆ ಎಸೆಯುವಂತೆ ಎತ್ತಿದಳು. ರೊಟ್ಟಿಯನ್ನು ನೆಲಕ್ಕೆ ಬೀಳಿಸುವ ಹೆಂಗಸಲ್ಲ ಅವಳು, ಮತ್ತೆ ಎದೆಗೆ ಅವುಚಿಕೊಂಡಳು. "ನಿನ್ನ ಹಿಟ್ಟು ತಿಂದೆನಲ್ಲೋ" ಅಂದಳು. "ನಿನ್ನ ಕೈಯ ಹಿಟ್ಟಿನ ರೊಟ್ಟಿ ತಿನ್ನಿಸಿ ಅವನ ಮಗಳನ್ನ ಬೆಳೆಸಿದೆನಲ್ಲೋ!" ಆಮೇಲೆ ನನಗೆ ಹೇಳಿದಳು: "ಮುಚ್ಚಬೇಡ ಉಸ್ತೊ. ಅವಳೂ ನೋಡಲಿ."

ಮರುದಿನ ಬೆಳಗ್ಗೆ ಸವ್ರಿ ತಾಯಿಯ ಜೊತೆ ಬಂದಳು. ಅಳು ಮನೆಯಲ್ಲೇ ಮುಗಿಸಿ ಬಂದಿದ್ದಳೆಂದು ಕಾಣುತ್ತದೆ, ಮುಖ ಊದಿಕೊಂಡಿತ್ತು. ತಂದೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ತೂತುಗಳಿಂದ ಹಾದ ಬಿಸಿಲು ಅವಳ ಬಟ್ಟೆಯ ಮೇಲೆ ಚುಕ್ಕೆಚುಕ್ಕೆಯಾಗಿ ಬಿತ್ತು. ನಾವಿಬ್ಬರೂ ಹೊರಗೆ ಗೋಡೆಗೊರಗಿ ಕಾದೆವು. ಒಳಗಿನಿಂದ ಅವಳು ಯಾರೊಡನೆಯೋ ಮೆಲ್ಲಗೆ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಮಾತು ನಿಲ್ಲಿಸಿ ಉತ್ತರಕ್ಕೆ ಕಾಯುತ್ತಿದ್ದಳು.

ಕೊನೆಗೆ ಇಳಿದು ಬಂದು ನನಗೆ, "ಮುಚ್ಚಿಬಿಡಿ ಉಸ್ತೊ" ಅಂದಳು.

"ಮದುವೆ?" ಅಂದಳು ತಾಯಿ.

"ಮದುವೆಯಾಗ್ತಿರೋದು ಅವರ ಮಗನ್ನ, ಅವರನ್ನಲ್ಲ." ಡ್ರೈವರಿನ ಸೀಟಿನ ಕಡೆ ಕೈ ತೋರಿಸಿ ಹೇಳಿದಳು: "ಆದರೆ ಅವತ್ತು ಕಾರು ಅವರೇ ಓಡಿಸಬೇಕು. ಈ ಸೀಟಲ್ಲಿ ಕೂತು."

ನಾನು ತೂತುಗಳ ಅಂಚನ್ನು ಒಳಕ್ಕೆ ಬಡಿದು, ಹಿಂದಿನಿಂದ ತಗಡಿನ ತೇಪೆ ಬೆಸೆದು, ಪುಟ್ಟಿ ಕಲಸಿ ತೆಳ್ಳಗೆ ಎಳೆದೆ. ಆರಿದ ಮೇಲೆ ನೀರು ಹಾಕುತ್ತಾ ತಿಕ್ಕಿದೆ. ಮತ್ತೆ ಎಳೆದೆ, ಮತ್ತೆ ತಿಕ್ಕಿದೆ. ಬಿಳಿ ಬಣ್ಣ ಬಿದ್ದಾಗ ಬಾಗಿಲು ಹಾಲಿನ ಕೆನೆಯಂತಿತ್ತು. ನನ್ನ ಅಂಗೈಗೆ ಮಾತ್ರ ಒಂದೊಂದು ಜಾಗವೂ ಗೊತ್ತಾಗುತ್ತಿತ್ತು. ಮುಚ್ಚಿದ ಮೇಲೆ ಮರೆಯುವ ನನಗೂ ಇದನ್ನು ಮರೆಯಲಾಗಲಿಲ್ಲ.

ಮದುವೆಯ ದಿನ ದೋಯಿರಾ ತಮಟೆ ಬಡಿಯುವವರು ಅಪಾಳ ಮನೆಬಾಗಿಲಲ್ಲಿ ಗದ್ದಲ ಎಬ್ಬಿಸುತ್ತಿದ್ದಾಗ ಕುದ್ರತ್ ಅಕಾ ಸ್ಟೀರಿಂಗ್ ಹಿಡಿದು ಕಲ್ಲಿನಂತೆ ಕೂತಿದ್ದ. ಹಿಂದೆ ಮುಸುಕಿನೊಳಗೆ ಸವ್ರಿ. ಗಂಡಿನ ಮನೆಯವರೆಗಿನ ಅಷ್ಟು ಚಿಕ್ಕ ದಾರಿಯನ್ನು ಅವನು ಎತ್ತಿನ ಗಾಡಿಗಿಂತ ನಿಧಾನವಾಗಿ ಓಡಿಸಿದ. ಇಳಿಯುವಾಗ ಸವ್ರಿ ಮಾವನ ಕೈಹಿಡಿಯಲಿಲ್ಲ. ಅಪಾ ಅವನ ಮನೆಯ ಹೊಸ್ತಿಲು ಅಂದೂ ತುಳಿಯಲಿಲ್ಲ, ಇಂದಿಗೂ ತುಳಿದಿಲ್ಲ.

ಕಾರು ಕುದ್ರತ್ ಅಕಾನ ಮನೆಯಲ್ಲೇ ಉಳಿಯಿತು. ಮರುವರ್ಷ ಹತ್ತಿ ಬಿಡಿಸುವ ಕಾಲದಲ್ಲಿ, ಹಿಂದಿನ ಮಡ್‌ಗಾರ್ಡಿಗೆ ಕತ್ತೆಗಾಡಿ ತಾಗಿ ನೆಗ್ಗಿದೆ ಎಂದು ಸವ್ರಿಯ ಗಂಡ ನನ್ನನ್ನು ಕರೆದ. ನಡುಮಧ್ಯಾಹ್ನ ಹೋದೆ. ದ್ರಾಕ್ಷಿಯ ಚಪ್ಪರದ ಕೆಳಗೆ ಕಾರು ನಿಂತಿತ್ತು. ಕುದ್ರತ್ ಅಕಾ ಒಳಗಿದ್ದ, ಡ್ರೈವರಿನ ಸೀಟಿನಲ್ಲಲ್ಲ, ಅದರ ಪಕ್ಕದಲ್ಲಿ. ಸ್ಟೀರಿಂಗಿನ ಮುಂದೆ ಗಾಜಿನ ಬುಡದಲ್ಲಿ ಎರಡು ಬಟ್ಟಲು ಹಸಿರು ಚಹಾ ಹಬೆಯಾಡುತ್ತಿತ್ತು. ಅವನು ಖಾಲಿ ಸೀಟಿನ ಕಡೆ ತಿರುಗಿ, ಈ ಸಲದ ಹತ್ತಿಯ ವಿಷಯ, ಸೊಸೆಗೆ ದಿನ ತುಂಬುತ್ತಿರುವ ವಿಷಯ, ನಡುನಡುವೆ ನಗುತ್ತಾ ಹೇಳುತ್ತಿದ್ದ. ಸೊಸೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ಅತ್ತ ನೋಡಲೇ ಇಲ್ಲ. ಆದರೆ ಆ ಎರಡು ಬಟ್ಟಲನ್ನು ತುಂಬಿ ತಂದಿಟ್ಟವಳು ಅವಳೇ, ಚಹಾದ ಹೂಜಿ ಇನ್ನೂ ಅವಳ ಕಾಲ ಬಳಿಯಿತ್ತು.

ನನ್ನನ್ನು ಕಂಡು ಕುದ್ರತ್ ಅಕಾ ಗಾಜು ಇಳಿಸಿದ. "ಬಾ ಉಸ್ತೊ, ಹಿಂದೆ ಕೂತ್ಕೋ. ನಾವು ಈಗಷ್ಟೇ ಮಾತು ಶುರು ಮಾಡಿದ್ವಿ" ಅಂದ.

ಸುತ್ತಿಗೆಯ ಚೀಲವನ್ನು ನೆಲಕ್ಕಿಟ್ಟು, ಹಿಂದಿನ ಬಾಗಿಲು ತೆಗೆದು ಕೂತೆ.