ಪಾದ್ರಿಗಳ ಮೇಜುಬಟ್ಟೆ

"ತೆಗಿಯೇ ಕೈನ! ನಿಮ್ಮಪ್ಪನ ಮನೆ ಒಲೆ ಅಂದ್ಕೊಂಡ್ಯಾ ಇದನ್ನ?"

ಸಾಲ್ವೊರ್ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಮೀನಿನ ವ್ಯಾಪಾರಿಯ ಹೆಂಡತಿ ಕಮಿಲ್ಲಾ ಅಮ್ಮಾವ್ರು ಒದ್ದೆ ಚಿಂದಿ ತಂದು, ಅವಳು ಮುಟ್ಟಿದ ಜಾಗವನ್ನಷ್ಟೇ ಉಜ್ಜಿದರು. ಮನೆ ಬೆಚ್ಚಗಿಡಲೆಂದು ಹೊಸದಾಗಿ ಗೋಡೆಗಂಟಿಸಿದ ಆ ಕಬ್ಬಿಣದ ಕೊಳವೆಗಳಲ್ಲಿ ಹರಿಯುತ್ತಿದ್ದುದು ಬಿಸಿನೀರ ಬುಗ್ಗೆಯ ನೀರೇ. ಸಾಲ್ವೊರ್ ಹುಡುಗಿಯಾಗಿದ್ದಾಗಿನಿಂದ ಊರವರ ಕೊಳೆ ಒಗೆದ ಬುಗ್ಗೆ. ನೀರು ಕೊಳವೆ ಹತ್ತಿ ರೇಕ್ಯವಿಕ್ ಊರೊಳಗೆ ಬಂದಿತ್ತು. ಬಟ್ಟೆ ಮಾತ್ರ ಈಗಲೂ ಅವಳ ಬೆನ್ನು ಹತ್ತಿಯೇ ಬುಗ್ಗೆಗೆ ಹೋಗಬೇಕು. ಮನೆಯೊಳಗೆ ಒಗೆದರೆ ಸೋಪಿನ ಹಬೆಗೆ ಗೋಡೆಯ ಹೂಕಾಗದ ಕಿತ್ತುಬರುತ್ತದಂತೆ.

ಹಿಂದೆ ನಿಂತಿದ್ದ ಮಗಳು ದಿಸಾ ಕೆಮ್ಮಿದಳು. ಇಬ್ಬರೂ ಮಲಗುವ ನೆಲಮಾಳಿಗೆಯ ಗೋಡೆ ಹಿಮಗಟ್ಟುತ್ತಿತ್ತು. ಮಗುವಿನ ಎದೆ ಗೊರಗೊರ.

"ಅಮ್ಮಾವ್ರೆ, ನಾ ಬರಾಗಂಟ ಮಗು ಈ ಮೂಲೇಲಿ ಬೆಚ್ಚಗೆ ಕುಂತಿರ್ಲಿ. ಒಂದ್ ಮಾತೂ ಆಡಾಕಿಲ್ಲ."

"ಮಾತಾಡಲಿ ಬಿಡೇ, ಕೆಮ್ಮುತ್ತಲ್ಲ! ಜೊತೇಲೇ ಕರ್ಕೊಂಡ್ಹೋಗು. ಸಂಜೆ ಪಾದ್ರಿಗಳು ಬರ್ತಾರೆ, ಕೊಳವೆಗೆ ಆಶೀರ್ವಾದ ಮಾಡೋಕೆ. ಮೇಜುಬಟ್ಟೆ ಹಾಲಿನ ಹಾಗಿರಬೇಕು. ನಿನ್ನೆ ಬುಗ್ಗೆ ಪಕ್ಕದ ಬಿಸಿಮಣ್ಣಲ್ಲಿ ಬೇಯೋಕೆ ಹೂತ ರೊಟ್ಟೀನೂ ಅಗೆದು ತಾ."

ಸಾಲ್ವೊರ್ ಮಗಳ ತೋಳು ಚಿವುಟಿದಳು. ಕೈಗೆ ಅಭ್ಯಾಸವಾಗಿಹೋಗಿತ್ತು.

"ಉಪ್ಕಾರ ಆಯ್ತು, ಅಮ್ಮಾವ್ರೆ," ಅಂದಳು ದಿಸಾ. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಹೊರಗೆ ಅಷ್ಟು ಚಳಿಯಲ್ಲೂ ಸಾಲ್ವೊರಳ ಮುಖ ಸುಡುತ್ತಿತ್ತು.

ಬುಗ್ಗೆಯ ಹಬೆಯಲ್ಲಿ ಅಗಸಗಿತ್ತಿ ಹಾಲ್ಬೆರಾ ಸುದ್ದಿ ಕೇಳಿದ್ದೇ ತಡ, ಮೂಗು ಸೊಟ್ಟ ಮಾಡಿ, ಥೇಟು ಕಮಿಲ್ಲಾರ ದನಿಯಲ್ಲೇ ಶುರುಮಾಡಿದಳು: "ಅಯ್ಯಯ್ಯೋ, ಕೊಳವೆಗೆ ನೆಗಡಿ ಆಗುತ್ತೆ ಕಣೇ! ಪಾದ್ರಿಗಳೇ, ಮೊದಲು ಕೊಳವೆಗೆ ಮುತ್ತಿಡಿ, ಆಮೇಲೆ ನನಗೆ!" ಆಮೇಲೆ ತನ್ನ ದನಿಗಿಳಿದು, "ಥೂ, ಆ ಮುಂಡೆ ಬಾಯಿಗ್ ನನ್ ಹಳೇ ಕಾಲ್ಚೀಲ ತುರ್ಕ," ಅಂದಳು.

ಹೆಂಗಸರು ಒಗೆಯುವುದು ಬಿಟ್ಟು ನಕ್ಕರು. ಸಾಲ್ವೊರಳೂ ನಕ್ಕಳು.

"ಅವ್ವ," ದಿಸಾ ಅವಳ ಲಂಗ ಎಳೆದಳು, "ನಾ ಮುಟ್ಟುದ್ರೂ ಒರೆಸ್ತಾರಾ?"

ನಗು ಅಲ್ಲಿಗೇ ನಿಂತಿತು. ಸಾಲ್ವೊರ್ ಮಗಳತ್ತ ನೋಡಲಾರದೆ ತಲೆ ತಗ್ಗಿಸಿ ಒಗೆದಳು. ಮೇಜುಬಟ್ಟೆಯನ್ನು ಬಿಸಿನೆಲದ ಮೇಲೆ ಹರವಿ ಒಣಗಿಸಿದಳು. ಆಮೇಲೆ ಹೋಗಿ ಮಣ್ಣು ಕೆದರಿ ರೊಟ್ಟಿ ತೆಗೆದು, ಮುರಿದು, ಮಗಳ ಕೈಗಿಟ್ಟಳು.

"ಪಾದ್ರಿದು ಕಣವ್ವ!"

"ತಿನ್ನು."

ಹಾಲ್ಬೆರಾ ಎದ್ದು ಬಂದು ಮೇಜುಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಮಗುವನ್ನು ಅದರಲ್ಲಿ ಸುತ್ತಿದರು. ಹಾಲಿನಂಥ ಬಟ್ಟೆಯ ಮೇಲೆ ಮಣ್ಣಿನ ಬೆರಳುಗಳು ಮೂಡಿದವು.

ಸಂಜೆ ಸಾಲ್ವೊರ್ ಮಗಳನ್ನೆತ್ತಿಕೊಂಡು ಕಮಿಲ್ಲಾ ಅಮ್ಮಾವ್ರ ಮನೆಗೆ ಹೋದಳು. ಆ ಮನೆಯ ಮುಂಬಾಗಿಲು ದಾಟಿದ್ದು ಅದೇ ಮೊದಲು. ನಡುಮನೆಯಲ್ಲಿ ಪಾದ್ರಿಗಳು ಕೊಳವೆಯೆದುರು ಕೈಯೆತ್ತಿದ್ದರು. ಅತಿಥಿಗಳ ಕಣ್ಣು ಅವಳ ಒದ್ದೆ ಚರ್ಮದ ಜೋಡಿನ ಮೇಲೆ, ಅದರ ತೂತಿನಿಂದ ಇಣುಕಿದ ಹೆಬ್ಬೆರಳ ಮೇಲೆ ಬಿತ್ತು. ಹೆಬ್ಬೆರಳು ಮುದುಡಿಕೊಂಡಿತು. ಓಡಿಹೋಗಿಬಿಡೋಣ ಅನ್ನಿಸಿತು. ಹಾಗನ್ನಿಸುತ್ತಲೇ ಮುಂದೆ ಹೋಗಿ ಮಗಳನ್ನು ಕೊಳವೆಗೆ ಬೆನ್ನಾನಿಸಿ ಕೂರಿಸಿದಳು.

"ಸಾಲ್ವೊರ್! ನನ್ನ ಮೇಜುಬಟ್ಟೆ!"

"ಒಗ್ದಿವ್ನಿ ಅಮ್ಮಾವ್ರೆ. ಮಡಿಯಾಗಿ ಅದೆ."

ಪಾದ್ರಿಗಳ ಕೈ ಎತ್ತಿದಲ್ಲೇ ಇತ್ತು. ಬೆನ್ನಿಗೆ ಬಿಸಿ ತಾಗಿದೊಡನೆ ದಿಸಾ ಕಣ್ಣು ಮುಚ್ಚಿದಳು. ಚಿವುಟದಿದ್ದರೂ ಅವಳ ಬಾಯಿ ತಾನಾಗಿ ತೆರೆದುಕೊಂಡಿತು.

"ಉಪ್ಕಾರ—"

ಸಾಲ್ವೊರ್ ಬಿರಿದ ಅಂಗೈಯಿಂದ ಆ ಬಾಯಿ ಮುಚ್ಚಿದಳು.

"ಹೇಳ್ಬ್ಯಾಡ."

ಬೆರಳ ಸಂದಿಯಿಂದ ಕೆಮ್ಮು ಮಾತ್ರ ಬಂತು.