ಉಡದ ಪಟ್ಟು

ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಹೇಳುವುದೇನೂ ಇಲ್ಲ. ಅರಿಯದವರಿಗೆ ಹೇಳಿದರೂ ಅವರು ನಂಬುವುದಿಲ್ಲ. ಅಂಥ ಊರಿನಲ್ಲಿ, ವೈಶಾಖದ ಉರಿಬಿಸಿಲಿನಲ್ಲಿ, ಇಳಕಲ್ ಸೀರೆಯ ಮೇಲೆ ಗಂಡಸರ ಬೂದುಬಣ್ಣದ ಉಣ್ಣೆಯ ಕೋಟು ತೊಟ್ಟು, ಎಡಗಾಲನ್ನು ಒಂದಿಷ್ಟು ಎಳೆಯುತ್ತ, ಕಾಣದ ಕೈಗಾಡಿಯೊಂದನ್ನು ದಬ್ಬಿಕೊಂಡು ಹೋಗುವವರಂತೆ ಮುಂದಕ್ಕೆ ಬಾಗಿ ಬಸ್ ನಿಲ್ದಾಣದತ್ತ ನಡೆಯುವ ಅರವತ್ತು ದಾಟಿದ ಹೆಂಗಸೊಬ್ಬರನ್ನು ಕಂಡರೆ, ಅವರು ನಮ್ಮ ಮನೆಯೊಡತಿ ಬಸವಂತಮ್ಮನವರೆಂದೇ ತಿಳಿಯಬೇಕು. ಕಂಡಕ್ಟರುಗಳು ಅವರನ್ನು ಕೆಣಕದೆ ಬಿಡುವುದಿಲ್ಲ. “ಯವ್ವಾ, ಥಂಡಿ ಬಾಳ ಹತ್ತೇದೇನು?” “ಅದು ಬ್ಯಾರೆ ಮಾತು. ಮಾನ್ವಿಗೆ ಒಂದು ಟಿಕೀಟ ಹರಿ.”

‘ಅದು ಬ್ಯಾರೆ ಮಾತು’ ಎಂಬುದು ಅವರ ಬತ್ತಳಿಕೆಯ ಏಕೈಕ ಬಾಣ. ಎದುರಿನವರು ಎಷ್ಟೇ ಯುಕ್ತಿಯುಕ್ತವಾಗಿ ವಾದಿಸಿದರೂ ಈ ಮೂರು ಪದಗಳ ಮುಂದೆ ವಾದ ಅಲ್ಲಿಗೇ ಮುಗಿಯುತ್ತದೆ. ಅವರ ಮಹಡಿಯ ಮೇಲೆ ಬಾಡಿಗೆಗಿರುವ ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಆದರೂ ನಲ್ಲಿ ರಿಪೇರಿಯಂಥ ಕ್ಷುಲ್ಲಕ ವಿಷಯದಲ್ಲೂ ಅವರನ್ನು ಒಮ್ಮೆಯೂ ಗೆದ್ದಿಲ್ಲ.

ಕೋಟು ಅವರ ಗತಿಸಿದ ಯಜಮಾನರದು. ಅದನ್ನು ತೊಡಲು ಕಾರಣ ಚಳಿಯೂ ಅಲ್ಲ, ಸ್ಮರಣೆಯೂ ಅಲ್ಲ. ಅದರ ತೋಳಿನ ಮೇಲೆ ಪ್ರತಿದಿನ ಇಗ್ವಾನ ಎಂಬ ಪರದೇಶದ ದೊಡ್ಡ ಹಲ್ಲಿಯೊಂದು ಕುಳಿತುಕೊಳ್ಳುತ್ತದೆ. ಮೂಗಿನಿಂದ ಬಾಲದ ತುದಿಯವರೆಗೆ ಒಂದಾಳು ಉದ್ದದ, ಬೆನ್ನಗುಂಟ ಮುಳ್ಳಿನ ಸಾಲುಳ್ಳ, ಗದ್ದದ ಕೆಳಗೆ ಚರ್ಮ ಜೋತುಬಿದ್ದ ಆ ಹಸಿರು ಪ್ರಾಣಿಯ ಉಗುರುಗಳಿಗೆ ಉಣ್ಣೆಯಲ್ಲದೆ ಬೇರಾವ ಬಟ್ಟೆಯೂ ತಡೆಯುವುದಿಲ್ಲ.

ಅದು ಬಂದದ್ದೂ ಒಂದು ಕಥೆಯೇ. ಕೆಳಗಿನ ಮಳಿಗೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಉದಯಕುಮಾರ, ಗಿರಾಕಿಗಳನ್ನು ಸೆಳೆಯಲೆಂದು ಗೇಣುದ್ದದ ಮರಿಯೊಂದನ್ನು ಹೈದರಾಬಾದಿನಿಂದ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟ. ಅದು ಬೆಳೆಯಿತು, ಪೆಟ್ಟಿಗೆ ಬೆಳೆಯಲಿಲ್ಲ. ಅಂಗಡಿ ಸಿಂಧನೂರಿಗೆ ಹೋಯಿತು, ಪ್ರಾಣಿ ಹೋಗಲಿಲ್ಲ. ಬಸವಂತಮ್ಮನವರು ಶಟರ್ ಎತ್ತಿಸಿದಾಗ ಅದು ಬನ್ನಿನ ಚೂರುಗಳ ನಡುವೆ ಮುದುಡಿಕೊಂಡಿತ್ತು, ಮುಂಗಾಲುಗಳು ನಡುಗುತ್ತಿದ್ದವು. ಗೋಡೆಯ ಹಲ್ಲಿಗೂ ಅಂಜುವ ನಾನು ಮೆಟ್ಟಿಲ ಮೇಲೆಯೇ ನಿಂತು, ಫೋನಿನಲ್ಲಿ ಓದಿ ಹೇಳುವ ಕೆಲಸ ವಹಿಸಿಕೊಂಡೆ.

“ಇದು ಏನು ತಿಂತದ್ರೀ?”

“ಸೊಪ್ಪು, ಹೂವು, ಹಣ್ಣು.”

“ಮಾಂಸ? ತತ್ತಿ?”

“ಎರಡೂ ಆಗದಂತೆ.”

ಮೊಟ್ಟೆಯಂಗಡಿಯ ಮುಂದೆ ಹೋಗಬೇಕಾದರೆ ರಸ್ತೆಯ ಆಚೆ ಬದಿಗೆ ದಾಟುವ ಶಿವಭಕ್ತರ ಮನೆತನ ಅವರದು. ಅವರು ಅದರ ಹತ್ತಿರಕ್ಕೆ ಬಾಗಿದರು. “ಮಾಂಸ ಮುಟ್ಟಂಗಿಲ್ಲ, ಮಾತಾಡಂಗಿಲ್ಲ, ಒಂದು ಕಡಿ ಕುಂತು ಧ್ಯಾನ ಮಾಡತದ. ಶರಣ ಅಲ್ಲದ ಮತ್ತೇನ್ರೀ ಇದು?” ಅಂದಿನಿಂದ ಅದರ ಹೆಸರು ಶರಣಪ್ಪ ಎಂದಾಯಿತು.

ಪಶುವೈದ್ಯರು “ನಾನು ಎಮ್ಮಿ ಆಕಳ ಡಾಕ್ಟರ್ರೀ ಯವ್ವಾ” ಎಂದು ಕೈಮುಗಿದರೂ, ಆಚೀಚೆ ಫೋನು ಮಾಡಿ ವಿಚಾರಿಸಿ ಹೇಳಿದರು: ಎಲುಬುಗಳು ಸೊರಗಿವೆ, ಎಳೆಬಿಸಿಲು ಬೇಕು, ನುಗ್ಗೆಸೊಪ್ಪು ಬೇಕು, ಓಡಾಡಲು ಜಾಗ ಬೇಕು. ಜಾಗವಿದ್ದದ್ದು ಮಾನ್ವಿಯಲ್ಲಿನ ಬಸವಂತಮ್ಮನವರ ಅಕ್ಕಿ ಗಿರಣಿಯಲ್ಲಿ. ಅಲ್ಲಿನ ಹಳೆಯ ಗೋದಾಮಿಗೆ ಜಾಲರಿ ಹೊಡೆಸಿ, ಒಣ ಬೇವಿನ ಕೊಂಬೆ ನಿಲ್ಲಿಸಿ, ನೀರಿನ ತೊಟ್ಟಿ ಕಟ್ಟಿಸಿದರು. ಮೊದಲು ವಾರಕ್ಕೊಮ್ಮೆ ಗಿರಣಿಗೆ ಹೋಗುತ್ತಿದ್ದವರು, ನೋಯುವ ಮೊಣಕಾಲನ್ನು ಎಳೆದುಕೊಂಡು ದಿನವೂ ಸೊಪ್ಪಿನ ಚೀಲದೊಡನೆ ಬಸ್ಸು ಹತ್ತತೊಡಗಿದರು. ಅಂಗಳದ ದಾಸವಾಳವೆಲ್ಲ ಹೊತ್ತೇರುವ ಮೊದಲೇ ಚೀಲ ಸೇರುತ್ತಿತ್ತು. ಲಿಂಗಪೂಜೆಗೆ ಹೂವು ಸಾಲದಲ್ಲ ಎಂದು ನಾನೊಮ್ಮೆ ಚುಚ್ಚಿದೆ. “ಲಿಂಗಕ್ಕ ಪತ್ರಿ ಸಾಕ್ರೀ. ಇದಕ್ಕ ಹೊಟ್ಟಿ ಅದ,” ಎಂದರು. ಮುಂದಿನ ಬೇಸಿಗೆಯ ಹೊತ್ತಿಗೆ ಶರಣಪ್ಪನ ಕಾಲುಗಳ ನಡುಕ ನಿಂತಿತು. ಅವರು ಮಾತನಾಡಿದಾಗಲೆಲ್ಲ ಅವನು ತಲೆ ಮೇಲೆಕೆಳಗೆ ಆಡಿಸುವುದನ್ನು ತೋರಿಸಿ, ತಮ್ಮ ಮಾತನ್ನು ಒಪ್ಪುವ ಏಕಮಾತ್ರ ಗಂಡಸು ಇವನೇ ಎಂದು ಎಲ್ಲರಿಗೂ ಹೇಳುತ್ತಿದ್ದರು.

ಆದರೆ ನಮ್ಮ ಸೀಮೆಯಲ್ಲಿ ಇಗ್ವಾನ ಎಂಬ ಪದವಿಲ್ಲ. ಇರುವುದು ‘ಉಡ’ ಒಂದೇ. ಉಡವೆಂದರೆ ಸಾಕು, ಜನರಿಗೆ ಥಟ್ಟನೆ ನೆನಪಾಗುವುದು ಮೊಣಕಾಲು ನೋವಿಗೆ ಹಚ್ಚುವ ಅದರ ಎಣ್ಣೆ. ಗಿರಣಿಗೆ ಬಂದವರೆಲ್ಲ ಅವರ ಎಳೆಯುವ ಕಾಲನ್ನೂ ಕೊಂಬೆಯ ಮೇಲಿನ ಶರಣಪ್ಪನನ್ನೂ ಒಟ್ಟಿಗೆ ನೋಡಿ, “ಔಷಧ ಮನ್ಯಾಗ ಇಟಗೊಂಡು ಯಾಕ ಒದ್ದಾಡತಿ ಯವ್ವಾ?” ಎನ್ನುವರು. “ಅದು ಬ್ಯಾರೆ ಮಾತು” ಎಂದು ಅವರು ತೋಳು ಚಾಚುವರು. ಶರಣಪ್ಪ ಕೋಟಿಗೇರುತ್ತಿದ್ದ.

ಹೋದ ವರ್ಷ ಜಾಲರಿಯ ಬಾಗಿಲು ಯಾರಿಂದಲೋ ತೆರೆದುಳಿದು, ಶರಣಪ್ಪ ಹೊರಗೆ ನಿಂತಿದ್ದ ಲಾರಿ ಹತ್ತಿ, ತೌಡಿನ ಚೀಲಗಳ ಬೆಚ್ಚನೆಯ ಸಂದಿಯಲ್ಲಿ ಮಲಗಿಬಿಟ್ಟ. ಲಾರಿ ದೇವದುರ್ಗ ಮುಟ್ಟಿತು. ಚೀಲ ಇಳಿಸುವಾಗ ಕೂಗೆದ್ದಿತು. ಹಮಾಲರಲ್ಲೊಬ್ಬನಾದ ಗಡಿಗೆಪ್ಪ ಅವನನ್ನು ಹಿಡಿದು ಮನೆಗೆ ಒಯ್ದನಂತೆ. ವಿಷಯ ತಿಳಿದ ಲಾರಿ ಚಾಲಕ ನಬೀಸಾಬ್ ರಾಯಚೂರಿನವರೆಗೂ ಬಂದು, ಬಾಗಿಲಲ್ಲಿ ತಲೆತಗ್ಗಿಸಿ ನಿಂತ. “ಅಮ್ಮಾ, ನಮ್ದು ಉಡ ಅಲ್ಲ ಅಂದ್ರೆ ಕೇಳಾಂಗಿಲ್ಲ ಅವ. ಸಂಜೀಕ ಎಣ್ಣಿ ತೆಗಿಸ್ತಾನಂತ.”

ಬಸವಂತಮ್ಮನವರು ಕೋಟು ತೊಟ್ಟರು. ಅಂಗಳದ ದಾಸವಾಳ ಕಿತ್ತುಕೊಂಡರು. ಆಮೇಲೆ ನನ್ನ ಕಣ್ಣನ್ನು ನಾನೇ ನಂಬಲಾಗದಂತೆ, ಮೂಲೆಯ ಅಮೀರ್ ಬೀ ಅಂಗಡಿಯ ಕಟ್ಟೆ ಹತ್ತಿ, “ಒಂದು ತತ್ತಿ ಕೊಡವ್ವಾ,” ಎಂದರು. ಅಮೀರ್ ಬೀ ನಂಬಲಾರದೆ ಏನು ಬೇಕೆಂದು ಮತ್ತೊಮ್ಮೆ ಕೇಳಿದಳು. ನಾನು ಹಿಡಿದುಕೊಳ್ಳುವೆನೆಂದೆ. “ಬ್ಯಾಡ್ರೀ. ನನ್ನ ಸಾಕ್ಷಿ ನಾನ ತರಬೇಕು,” ಎಂದು ಹುಟ್ಟಿದಾರಭ್ಯ ಮುಟ್ಟದಿದ್ದ ವಸ್ತುವನ್ನು ಕೋಟಿನ ಜೇಬಿಗಿಳಿಸಿ ನಬೀಸಾಬನ ಲಾರಿ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಉಡ ಹಿಡಿದರೆ ಜೈಲು ಎಂದು ಗಡಿಗೆಪ್ಪನನ್ನು ಹೆದರಿಸೋಣವೆಂದು ನಾನು ದಾರಿಯುದ್ದಕ್ಕೂ ಸೂಚಿಸಿದೆ. “ಹೆದರಿ ಇವತ್ತು ಬಿಡತಾನ, ನಾಳಿ ಮತ್ತ ಹಿಡೀತಾನ. ತಿಳದು ಬಿಡಬೇಕು.”

ದೇವದುರ್ಗದ ಆ ಅಂಗಳದಲ್ಲಿ ಬೇವಿನ ಬೊಡ್ಡೆಗೆ ಕಟ್ಟಿಹಾಕಿದ್ದ ಶರಣಪ್ಪನ ಹಸಿರು ಮಾಸಿತ್ತು. ಒಲೆಯ ಮೇಲೆ ಬಾಣಲೆ ಇತ್ತು. ಗೋಡೆಗಾತು ಕುಳಿತಿದ್ದ ಮುದುಕಿಯೊಬ್ಬಳು ತನ್ನ ಮೊಣಕಾಲುಗಳನ್ನು ತಾನೇ ತಿಕ್ಕಿಕೊಳ್ಳುತ್ತಿದ್ದಳು. ಗಡಿಗೆಪ್ಪ ಕಟುಕನಲ್ಲ, ಕಂಗಾಲಾದ ಮಗ. “ನಮ್ಮವ್ವ ಎದ್ದು ನಿಲ್ಲವಲ್ಲಳ್ರೀ. ನಿಮಗ ಆಟ, ನಮಗ ಔಷಧ,” ಎಂದ.

ಬಸವಂತಮ್ಮನವರು ನೆಲದ ಮೇಲೆ ಕುಳಿತು, ಒಂದು ಕಡೆ ಮೊಟ್ಟೆ, ಇನ್ನೊಂದು ಕಡೆ ದಾಸವಾಳ ಇಟ್ಟರು. “ಉಡ ಆದ್ರ ತತ್ತಿ ಬಿಡಂಗಿಲ್ಲ. ಹೌದಿಲ್ಲೋ?” ಗಡಿಗೆಪ್ಪ ಹೌದೆಂದ. ಶರಣಪ್ಪ ಎರಡನ್ನೂ ನೋಡಲಿಲ್ಲ. ಹೆದರಿಕೆಗೋ ಬಳಲಿಕೆಗೋ ಕಣ್ಣು ಮುಚ್ಚಿದ. ನೆರೆದವರು ನಕ್ಕರು. “ತಿನ್ನೂ ಮಟಾ ಕೂಡತೀನಿ,” ಎಂದು ಅವರು ಕೋಟಿನ ತೋಳನ್ನು ಅವನ ಪಕ್ಕ ಚಾಚಿದರು. ಶರಣಪ್ಪ ನಿಧಾನವಾಗಿ ಅದರ ಮೇಲೇರಿ ಅವಚಿಕೊಂಡ. ಗಡಿಗೆಪ್ಪ ಎಳೆದರೆ ಬಿಡಲೊಲ್ಲ. “ನೋಡ್ರಿ, ನೋಡ್ರಿ! ಉಡದ ಪಟ್ಟು! ಉಡ ಅಲ್ಲದ ಹಿಂಗ ಯಾವುದು ಹಿಡಿತದ?” ಎಂದು ಅವನು ಗೆದ್ದವನಂತೆ ಕೂಗಿದ.

ಆಗ ಬಸವಂತಮ್ಮನವರು ನಾನು ಎಂದೂ ಕೇಳದ ಮಾತೊಂದನ್ನು ಹೇಳಿದರು. ಹೇಳಿದ್ದು ಅವನಿಗಲ್ಲ, ಮುದುಕಿಗೆ. “ಯವ್ವಾ, ನಾ ಖರೇ ಅಂದ್ರ ಉಡದ ಎಣ್ಣಿ ಹಚಗೊಂಡಾಕಿ. ಎಲ್ಲಿಂದ ಬಂತು, ಯಾವ ಜೀವ ಸುಟ್ಟು ಬಂತು, ಒಂದು ದಿನಾ ಕೇಳಲಿಲ್ಲ. ಈ ಶರಣಪ್ಪ ಬಂದ ಮ್ಯಾಲ ಶೀಶೆ ಚೆಲ್ಲೀನಿ. ನೋವು ಹಚ್ಚಿದಾಗೂ ಇತ್ತು, ಈಗೂ ಅದ.” ಮುದುಕಿ ತಿಕ್ಕುವುದನ್ನು ನಿಲ್ಲಿಸಿ, “ಹಗ್ಗ ಬಿಚ್ಚೋ” ಎಂದಳು. ಗಡಿಗೆಪ್ಪ ತಡೆದು ತಡೆದು ಬಿಚ್ಚುತ್ತಿದ್ದಂತೆ ಶರಣಪ್ಪ ಕಣ್ಣು ತೆರೆದು, ಮೊಟ್ಟೆಯನ್ನು ದಾಟಿ ಕತ್ತು ಚಾಚಿ, ದಾಸವಾಳವೊಂದನ್ನು ಬಾಯಿಗೆ ತೆಗೆದುಕೊಂಡ. ತಡವಾಗಿ ಬಂದ ಸಾಕ್ಷಿ. ನನಗೆ ಮಾತ್ರ ಕಣ್ಣು ತುಂಬಿ ಬಂತು.

ಹಿಂದಿರುಗುವ ಲಾರಿಯಲ್ಲಿ ಮುದುಕಿಯೂ ಇದ್ದಳು. ಮರುದಿನ ಬೆಳಿಗ್ಗೆ ರಾಯಚೂರಿನ ಎಲುಬಿನ ಡಾಕ್ಟರ ಬಳಿಗೆಂದು ಬಸವಂತಮ್ಮನವರು ಅವಳನ್ನು ಬಿಡದೆ ಹತ್ತಿಸಿಕೊಂಡಿದ್ದರು. ನಿಮ್ಮ ಕಾಲನ್ನೂ ತೋರಿಸಿರಿ ಎಂದೆ. ಅದು ಬೇರೆ ಮಾತಂತೆ. ಅಮೀರ್ ಬೀಗೆ ಮರಳಿಸಲೆಂದು ಜೇಬಿಗಿಟ್ಟಿದ್ದ ಮೊಟ್ಟೆಯನ್ನು ಶರಣಪ್ಪನ ಬಾಲ ದಾರಿಯಲ್ಲೇ ಒಡೆಯಿತು. ಆ ಕಲೆ ಎಷ್ಟು ತೊಳೆದರೂ ಹೋಗಿಲ್ಲ. ಮಡಿಯ ಮನೆತನದ ಆ ಹೆಂಗಸು ಇಂದಿಗೂ ಅದೇ ಕೋಟು ತೊಟ್ಟು ಬಸ್ಸು ಹತ್ತುತ್ತಾರೆ.

ಲೋಕದಲ್ಲಿ ಪ್ರೀತಿಯನ್ನು ಆಡಿ ತೋರಿಸುವವರು ಬಹಳ ಮಂದಿ. ಕೈಗೆ ಸಿಕ್ಕ ಜೀವ ತನ್ನದೋ ಪರರದೋ, ಚೆಂದದ್ದೋ ವಿಕಾರದ್ದೋ ಎಂದು ಕೇಳದೆ ಹಿಡಿದುಕೊಳ್ಳುವವರು ವಿರಳ. ಅವರೊಡನೆ ಬಾಳುವುದೇನೂ ಸುಲಭವಲ್ಲ, ಆದರೆ ಅವರಿಲ್ಲದ ಓಣಿಯಲ್ಲಿ ಬಾಳಲು ನನಗಂತೂ ಮನಸ್ಸಿಲ್ಲ. ಶರಣಪ್ಪ ಉಡವಲ್ಲವೆಂಬುದನ್ನು ದೇವದುರ್ಗದವರು ಈಗ ಒಪ್ಪಿಕೊಂಡಿದ್ದಾರೆ. ಹಿಡಿದದ್ದನ್ನು ಬಿಡದ ಬಸವಂತಮ್ಮನವರ ವಿಷಯದಲ್ಲಿ ಮಾತ್ರ ಅಂಥ ಭರವಸೆಯನ್ನು ನಾನು ಯಾರಿಗೂ ಕೊಡಲಾರೆ.